ಕುಂಡದ ಗಿಡಗಳ ಚಿಗುರು ಹಳದಿಯಾಗುವುದಕ್ಕೆ ಗಡಸು ನೀರು ಕಾರಣವಾಗುವ ಬಗೆ

ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಬಾವಿಯ ನೀರನ್ನು ಹೊಯ್ದು ಬೆಳೆಸುವ ಕುಂಡದ ಗಿಡಗಳು ಮೊದಲು ಹಸುರಾಗಿ ಬೆಳೆದು, ಕೆಲವು ತಿಂಗಳಾದ ಮೇಲೆ ಹಳದಿಗೆ ತಿರುಗಿ ಕುಗ್ಗುವುದು ಅನೇಕ ವೇಳೆ ಕಂಡುಬರುತ್ತದೆ. ನಿಂಬೆ, ಗುಲಾಬಿ, ದಾಸವಾಳ, ಕರಿಬೇವು, ಕೇಪಳ, ಇವುಗಳಲ್ಲಿ ಈ ತೊಂದರೆಯು ಹೆಚ್ಚು. ಗೊಬ್ಬರ ಸಾಲದೆಂದು ಭಾವಿಸಿ ಮತ್ತಷ್ಟು ಗೊಬ್ಬರವನ್ನು ಹಾಕುವುದು ವಾಡಿಕೆ. ಅದರಿಂದ ಗಿಡವು ಚೇತರಿಸಿಕೊಳ್ಳುವುದಿಲ್ಲ, ಹಣವೂ ವ್ಯರ್ಥವಾಗುತ್ತದೆ. ಇದು ಅಂಗಳದ ಶೋಭೆಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ತೋಟಕ್ಕೆ ನೆಡಲು ಚೀಲಗಳಲ್ಲಿ ಬೆಳೆಸುವ ನಿಂಬೆಯ ಸಸಿಗಳೂ ಇದೇ ರೀತಿಯಲ್ಲಿ ಕೆಡುವುದರಿಂದ, ಜಮೀನುದಾರರು ಇದರ ಕಾರಣವನ್ನು ತಿಳಿದಿರುವುದು ಅವಶ್ಯಕ.

೧. ರೋಗಲಕ್ಷಣ

ಯಾವ ಎಲೆಯು ಮೊದಲು ಹಳದಿಯಾಯಿತೆಂಬುದನ್ನು ಎಲ್ಲಕ್ಕಿಂತ ಮುಂಚೆ ನೋಡತಕ್ಕದ್ದು. ಬುಡದ ಹಳೆಯ ಎಲೆಯು ಪೂರ್ತಿಯಾಗಿ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕವು ಸಾಲದು. ಹಳೆಯ ಎಲೆಯಲ್ಲಿ ನರಗಳು ಹಸುರಾಗಿದ್ದು ನಡುವಣ ಭಾಗವು ಹಳದಿಯಾದರೆ ಮೆಗ್ನೀಸಿಯಂ ಸಾಲದು. ಆದರೆ ತುದಿಯ ಚಿಗುರೆಲೆಯಲ್ಲಿ ನರಗಳು ಹಸುರು ಬಲೆಯಂತೆ ಉಳಿದು ಮಿಕ್ಕ ಭಾಗವೆಲ್ಲ ಹಳದಿಯಾದರೆ, ಅದು ಕಬ್ಬಿಣದ ಅಂಶದ ಕೊರತೆಯೆಂದು ತಿಳಿಯಬೇಕು. ಹಳೆಯ ಎಲೆಯಲ್ಲಿ ಸೇರಿಹೋದ ಕಬ್ಬಿಣವನ್ನು ಗಿಡವು ಹೊಸ ಎಲೆಗೆ ಸಾಗಿಸಲಾರದು. ಆದಕಾರಣವೇ ಈ ಕೊರತೆಯು ಚಿಗುರಿನಲ್ಲಿ ಮೊದಲು ತೋರುತ್ತದೆ.

೨. ಕಾರಣ

ನಮ್ಮ ಕೆಂಪು ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದಾಗಿರುವಾಗ, ಅದರಲ್ಲಿ ನೆಟ್ಟ ಗಿಡಕ್ಕೆ ಕಬ್ಬಿಣದ ಕೊರತೆ ಹೇಗೆ ಬಂದೀತೆಂದು ಕೇಳಬಹುದು. ಕಬ್ಬಿಣವು ಮಣ್ಣಿನಲ್ಲಿ ಇದ್ದರಷ್ಟೇ ಸಾಲದು; ನೀರಿನಲ್ಲಿ ಕರಗಿದರೆ ಮಾತ್ರ ಬೇರುಗಳಿಗೆ ದೊರೆಯುತ್ತದೆ. ಮಣ್ಣು ತುಸು ಹುಳಿಯಾಗಿದ್ದಲ್ಲಿ ಅದು ಕರಗುತ್ತದೆ. ಕ್ಷಾರವಾದಲ್ಲಿ ತುಕ್ಕಿನಂತೆ ಗಟ್ಟಿಯಾಗಿ ಉಳಿದುಬಿಡುತ್ತದೆ. ಕಣಜದಲ್ಲಿ ಧಾನ್ಯವು ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಂತೆ ಗಿಡದ ಸ್ಥಿತಿಯಾಗುತ್ತದೆ.

ಈ ಬೀಗವನ್ನು ಹಾಕುವುದು ಗಡಸು ನೀರು. ಬಾವಿ ಮತ್ತು ಕೊಳವೆ ಬಾವಿಗಳ ನೀರಿನಲ್ಲಿ ಸುಣ್ಣದ ಹಾಗೂ ಮೆಗ್ನೀಸಿಯಂನ ಬೈಕಾರ್ಬೊನೇಟ್ ಲವಣಗಳು ಕರಗಿರುತ್ತವೆ. ನೀರು ಆರಿದ ಮೇಲೆ ಸುಣ್ಣವು ಮಣ್ಣಿನಲ್ಲಿಯೇ ಉಳಿದು ದಿನದಿನಕ್ಕೆ ಕ್ಷಾರವನ್ನು ಹೆಚ್ಚಿಸುತ್ತದೆ. ಹೊಲದಲ್ಲಿ ಮಣ್ಣು ಅಪಾರವಾಗಿದ್ದು, ಮಳೆಯ ನೀರು ಲವಣವನ್ನು ಕೆಳಕ್ಕೆ ತೊಳೆಯುತ್ತದೆ. ಕುಂಡದಲ್ಲಿಯಾದರೋ ಮಣ್ಣು ಕೆಲವೇ ಬೊಗಸೆ. ನೀರು ಹೊಯ್ಯುವುದು ಪ್ರತಿದಿನ. ಹೀಗಾಗಿ ಹೊಲಕ್ಕೆ ಬಾಧಕವಲ್ಲದ ನೀರೇ ಕುಂಡಕ್ಕೆ ಬಾಧಕವಾಗುತ್ತದೆ.

೩. ನೀರನ್ನು ಮನೆಯಲ್ಲಿಯೇ ಪರೀಕ್ಷಿಸುವ ಕ್ರಮ

(ಅ) ಸಾಬೂನು ನೊರೆಗಟ್ಟದೆ, ಬೇಳೆ ಬೇಗ ಬೇಯದೆ, ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವ ನೀರು ಗಡಸು.

(ಆ) ಕುಂಡದ ಅಂಚಿನಲ್ಲಿ ಕಟ್ಟಿದ ಬಿಳಿಯ ಹಕ್ಕಳೆಯನ್ನು ಕೆರೆದು ನಿಂಬೆಯ ರಸವನ್ನು ತೊಟ್ಟಿಕ್ಕಬೇಕು. ಗುಳ್ಳೆಯೆದ್ದರೆ ಅದು ಸುಣ್ಣ. ಏಳದಿದ್ದರೆ ಉಪ್ಪು ಅಥವಾ ಗೊಬ್ಬರದ ಲವಣವಿರಬಹುದು.

(ಇ) ಹತ್ತು ಗ್ರಾಂ ತೂಕದ ಮಾತು ಬೇಡ. ಒಂದು ಲೋಟ ಮಳೆಯ ನೀರಿನಲ್ಲಿ ಒಂದು ಗ್ರಾಂ ಅನ್ನಭೇದಿಯನ್ನು ಕರಗಿಸಿ, ಹಳದಿಯಾದ ಒಂದು ಚಿಗುರೆಲೆಯ ಅರ್ಧಭಾಗಕ್ಕೆ ಬಟ್ಟೆಯಿಂದ ಸವರಬೇಕು. ಕೆಲವು ದಿನಗಳಲ್ಲಿ ಸವರಿದ ಭಾಗವು ಹಸುರಾದರೆ ಕಬ್ಬಿಣದ ಕೊರತೆಯೇ ಸರಿ. ಹಳದಿಯಾದ ಗಿಡಗಳು ಕಬ್ಬಿಣದ ಲವಣದಿಂದ ಹಸುರಾಗುವುದನ್ನು ಫ್ರಾನ್ಸ್ ದೇಶದ ಯೂಸೆಬ್ ಗ್ರಿಸ್ ಎಂಬವರು ೧೮೪೩ರಲ್ಲಿಯೇ ತೋರಿಸಿಕೊಟ್ಟರು.

ಪರೀಕ್ಷಾ ಪ್ರಯೋಗಾಲಯಕ್ಕೆ ನೀರನ್ನು ಕಳುಹಿಸುವವರು ಕ್ಷಾರೀಯತೆಯ ಅಂಕೆಯನ್ನು ಕೇಳಿ ಪಡೆಯತಕ್ಕದ್ದು. ಅದು ಲೀಟರಿಗೆ ಸುಮಾರು ೧೫೦ ಮಿಲಿಗ್ರಾಂ ಮೀರಿದರೆ ಚಿಕ್ಕ ಕುಂಡಗಳ ವಿಷಯದಲ್ಲಿ ಎಚ್ಚರಿಕೆ ಬೇಕು.

೪. ಪರಿಹಾರ

ಮಳೆಯ ನೀರು ಎಲ್ಲಕ್ಕಿಂತ ಉತ್ತಮ. ಅದರಲ್ಲಿ ಲವಣವು ಬಹು ಸ್ವಲ್ಪ. ಒಂದು ಚದರ ಮೀಟರು ಮಾಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ೨೦ ಚದರ ಮೀಟರಿನ ಮಾಡಿನ ಮೇಲೆ ೫೦ ಮಿಲಿಮೀಟರು ಮಳೆಯಾದರೆ ೧,೦೦೦ ಲೀಟರು. ಅದರಲ್ಲಿ ೨೦೦ ಲೀಟರು ನಷ್ಟವಾಯಿತೆಂದರೂ, ದಿನಕ್ಕೆ ಒಂದೊಂದು ಲೀಟರಿನಂತೆ ೨೦ ಕುಂಡಗಳಿಗೆ ೪೦ ದಿನ ಸಾಕಾಗುತ್ತದೆ.

ಮಳೆಯ ನೀರಿಲ್ಲದಾಗ, ಅಂಗಡಿಗಳಲ್ಲಿ ನಿಂಬೆಉಪ್ಪೆಂದು ಮಾರುವ ಸಿಟ್ರಿಕ್ ಆಮ್ಲವನ್ನು ೧೦ ಲೀಟರು ನೀರಿಗೆ ೨.೫ ಗ್ರಾಂ ಪ್ರಕಾರ ಕರಗಿಸಿದರೆ ಕ್ಷಾರೀಯತೆಯು ಲೀಟರಿಗೆ ಸುಮಾರು ೨೦೦ ಮಿಲಿಗ್ರಾಂ ತಗ್ಗುತ್ತದೆ. ಕಡಿಮೆ ಗಡಸಾದ ನೀರಿಗೆ ಪ್ರಮಾಣವನ್ನು ಇಳಿಸಬೇಕು. ಈ ಆಮ್ಲವು ಮಣ್ಣಿನಲ್ಲಿ ಕೊಳೆತುಹೋಗುವುದರಿಂದ ಇದು ತಾತ್ಕಾಲಿಕ ಉಪಾಯ ಮಾತ್ರ.

ಸೊರಗಿದ ಗಿಡಕ್ಕೆ ಒಂದು ಲೀಟರು ಮಳೆಯ ನೀರಿನಲ್ಲಿ ೫ ಗ್ರಾಂ ಅನ್ನಭೇದಿ ಮತ್ತು ೧ ಗ್ರಾಂ ನಿಂಬೆಉಪ್ಪನ್ನು ಕರಗಿಸಿ ಸಂಜೆಯ ವೇಳೆ ಎಲೆಗಳಿಗೆ ಸಿಂಪಡಿಸಬಹುದು; ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಸಲ ಸಾಕು. ಗಡಸು ನೀರಿನಲ್ಲಿ ಕರಗಿಸಿದರೆ ದ್ರಾವಣವು ಕಂದಾಗಿ ನಿಷ್ಪ್ರಯೋಜಕವಾಗುತ್ತದೆ. ಕ್ಷಾರವಾದ ಮಣ್ಣಿಗೆ ಬರಿಯ ಅನ್ನಭೇದಿಯನ್ನು ಹಾಕುವುದರಿಂದಲೂ ಹೆಚ್ಚು ಫಲವಿಲ್ಲ. ಅದು ಬೇಗನೆ ತುಕ್ಕಾಗಿ ಹೋಗುತ್ತದೆ. ಅನ್ನಭೇದಿಯು ಮಕ್ಕಳ ಹೊಟ್ಟೆಗೆ ಸೇರಿದರೆ ಪ್ರಾಣಾಪಾಯವಿದೆ. ಅವರ ಕೈಗೆ ಸಿಕ್ಕದಂತೆ ಇಡತಕ್ಕದ್ದು.

ತಿಂಗಳಿಗೊಮ್ಮೆ ಕುಂಡದ ಅಳತೆಯ ಎರಡರಷ್ಟು ಮಳೆಯ ನೀರನ್ನು ಮೆಲ್ಲಗೆ ಹೊಯ್ದು, ತಳದ ತೂತಿನಿಂದ ಹರಿದುಹೋಗುವಂತೆ ಮಾಡಿದರೆ ಶೇಖರವಾದ ಲವಣವು ತೊಳೆದುಹೋಗುತ್ತದೆ. ತಳದ ತೂತು ಮುಚ್ಚಿ ನೀರು ನಿಂತರೆ ಬೇರು ಕೆಟ್ಟು ಇದೇ ಲಕ್ಷಣವು ತೋರುವುದುಂಟು. ಅದನ್ನು ಮೊದಲು ನೋಡಬೇಕು. ಹಳೆಯ ಮಣ್ಣು ಬಹಳ ಕೆಟ್ಟಿದ್ದಲ್ಲಿ ಅದನ್ನು ಬದಲಾಯಿಸುವುದೇ ಲೇಸು.

೫. ಮಾಡಬಾರದವುಗಳು

ಹಳದಿಯಾದ ಗಿಡದ ಬುಡಕ್ಕೆ ಒಲೆಯ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಹಾಕಬಾರದು. ಎರಡೂ ಕ್ಷಾರವನ್ನು ಹೆಚ್ಚಿಸುತ್ತವೆ. ಹೊಸದಾಗಿ ಸಿಮೆಂಟಿನಿಂದ ಕಟ್ಟಿದ ತುಲಸಿಯ ಕಟ್ಟೆಯಿಂದಲೂ ಸುಣ್ಣವು ಮಣ್ಣಿಗೆ ಇಳಿಯುತ್ತದೆ. ಕೆಲವು ಸಲ ನೀರು ತುಂಬಿ ಚೆಲ್ಲಿದ ಮೇಲೆ ಗಿಡವನ್ನು ನೆಡುವುದು ಉಚಿತ. ಉಪ್ಪನ್ನು ಬಳಸಿ ನೀರನ್ನು ಮೆದುಗೊಳಿಸುವ ಯಂತ್ರದ ನೀರನ್ನು ಗಿಡಗಳಿಗೆ ಹೊಯ್ಯಬಾರದು. ಅದು ಸುಣ್ಣವನ್ನು ತೆಗೆದು ಸೋಡಿಯಂ ಅನ್ನು ತುಂಬುತ್ತದೆ. ಕ್ಷಾರೀಯತೆಯು ಇದ್ದಂತೆಯೇ ಉಳಿಯುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರವು ಹೊರಚೆಲ್ಲುವ ನೀರಿನಲ್ಲಿ ಲವಣವು ಮೂಲ ನೀರಿಗಿಂತಲೂ ಹೆಚ್ಚು. ಅದೂ ಕುಂಡಗಳಿಗೆ ಯೋಗ್ಯವಲ್ಲ.

ಮಲೆನಾಡಿನವರಿಗೆ ಈ ಮಾತುಗಳು ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿಯ ಹಳ್ಳ ಮತ್ತು ಮಳೆಯ ನೀರು ಮೆದುವಾದದ್ದು. ಅತಿವೃಷ್ಟಿಯು ಕುಂಡದ ಸುಣ್ಣವನ್ನೂ ಮೆಗ್ನೀಸಿಯಂ ಅನ್ನೂ ತೊಳೆದುಬಿಡುವುದರಿಂದ ಅಲ್ಲಿ ಹಳೆಯ ಎಲೆಗಳನ್ನು ಗಮನಿಸಬೇಕು, ಸುಣ್ಣವು ಮಿತವಾಗಿ ಉಪಯೋಗಕ್ಕೂ ಬರುತ್ತದೆ.

ಗ್ರಾಮದ ಮುಖಂಡರು ತಮ್ಮ ಊರಿನ ಬಾವಿಗಳ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಯಾವ ಬಾವಿಯ ನೀರು ಸಸಿಗಳಿಗೆ ಯೋಗ್ಯವೆಂಬುದನ್ನು ಎಲ್ಲರಿಗೂ ತಿಳಿಸಿದರೆ ಬಹಳ ಉಪಕಾರವಾಗುವುದು. ಗಿಡವು ಹಳದಿಯಾದಾಗ ಗೊಬ್ಬರದ ಚೀಲಕ್ಕೆ ಕೈಹಾಕುವ ಮುನ್ನ ನೀರಿನ ಬಿಂದಿಗೆಯನ್ನು ಪರೀಕ್ಷಿಸತಕ್ಕದ್ದು.