ಹುಡುಕಿದ್ದು ಪಿತ್ತಕೋಶದ ಕಲ್ಲು, ಸಿಕ್ಕಿದ್ದು ಕಿಡ್ನಿಯ ಗಡ್ಡೆ

ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಹೋದವರಿಗೆ ವೈದ್ಯರು ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡುವುದಷ್ಟೇ ಉದ್ದೇಶ. ಸಂಜೆ ಕೈಗೆ ಬಂದ ರಿಪೋರ್ಟ್‌ನಲ್ಲಿ ಪಿತ್ತಕೋಶ ಸರಿಯಾಗಿಯೇ ಇರುತ್ತದೆ; ಎರಡು ಸಾಲು ಕೆಳಗೆ ಮಾತ್ರ, ಎಡ ಮೂತ್ರಪಿಂಡದಲ್ಲಿ 3 ಸೆಂಟಿಮೀಟರಿನ ಗಡ್ಡೆ, ಸಿಟಿ ಸ್ಕ್ಯಾನ್ ಮಾಡಿಸಿ ಎಂದಿರುತ್ತದೆ. ಸ್ಕ್ಯಾನಿಂಗ್ ಸುಲಭವಾಗಿ ಸಿಗುವ ದೇಶಗಳಲ್ಲಿ ಇಂದು ಪತ್ತೆಯಾಗುವ ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆಯೇ, ಬೇರೇನನ್ನೋ ಹುಡುಕುವಾಗ ಸಿಕ್ಕಂಥವು.

'ನನಗೇನೂ ಆಗಿರಲೇ ಇಲ್ಲವಲ್ಲ!' ಎಂಬುದು ಎಲ್ಲರ ಮೊದಲ ಮಾತು. ಅದು ನಿಜವೂ ಹೌದು. ಕಿಡ್ನಿಗಳು ಹೊಟ್ಟೆಯ ಹಿಂಬದಿಯಲ್ಲಿ, ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಕೊಬ್ಬಿನ ದಪ್ಪ ಹೊದಿಕೆಯೊಳಗೆ ಅಡಗಿವೆ. ಒಳಗಿನ ಅಂಗಾಂಶಕ್ಕೆ ನೋವು ತಿಳಿಯದು. ಹೊರಗಿನ ಕವಚ ಬಿಗಿದಾಗಲೇ ನೋವು. ನಿಂಬೆಹಣ್ಣಿನಷ್ಟು ಗಡ್ಡೆ ಬೆಳೆದರೂ ಸುಳಿವು ಸಿಗುವುದಿಲ್ಲ. ಮೂತ್ರದಲ್ಲಿ ರಕ್ತ, ಪಕ್ಕೆನೋವು, ಕೈಗೆ ಸಿಗುವ ಗಂಟು ಎಂದು ಹಳೆಯ ಪಠ್ಯಗಳು ಹೇಳುವ ಮೂರೂ ಲಕ್ಷಣ ಒಟ್ಟಿಗೆ ಕಾಣಿಸುವ ಹೊತ್ತಿಗೆ ಕಾಯಿಲೆ ಬಹುಮಟ್ಟಿಗೆ ಮುಂದುವರಿದಿರುತ್ತದೆ.

ಸಿಟಿ ಸ್ಕ್ಯಾನ್‌ನಲ್ಲಿ ಒಂದೇ ಜಾಗವನ್ನು ಎರಡು ಮೂರು ಸಲ ನೋಡುತ್ತಾರೆ. ಮೊದಲು ಬರಿಯ ಚಿತ್ರ, ಬಳಿಕ ಕೈಯ ರಕ್ತನಾಳಕ್ಕೆ ಔಷಧ ಚುಚ್ಚಿ ಮತ್ತೆ ಚಿತ್ರ. ಬರೀ ನೀರುಗುಳ್ಳೆಯಾದರೆ ಎರಡರಲ್ಲೂ ಕಪ್ಪಾಗಿಯೇ ಉಳಿಯುತ್ತದೆ. ಕ್ಯಾನ್ಸರ್ ಗಡ್ಡೆಯಾದರೆ ಔಷಧ ತಲುಪಿದ ಕೆಲವೇ ಕ್ಷಣಗಳಲ್ಲಿ ಬೆಳ್ಳಗೆ ಬೆಳಗುತ್ತದೆ, ಏಕೆಂದರೆ ಅದರ ತುಂಬ ರಕ್ತನಾಳಗಳು. ಬಯಾಪ್ಸಿ ಇಲ್ಲದೆಯೇ ಸರ್ಜನ್ ಆಪರೇಷನ್ ಮಾತೆತ್ತಿದಾಗ ಮನೆಯವರು ಗಾಬರಿಯಾಗುವುದುಂಟು. ಆ ಧೈರ್ಯದ ಮೂಲ ಈ ಚಿತ್ರ. ಹಾಗಿದ್ದೂ 4 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಅಲ್ಲವೇ ಅಲ್ಲ. ಹಾಗಾಗಿ ಅನುಮಾನವಿದ್ದಲ್ಲಿ ಬಯಾಪ್ಸಿಯನ್ನೂ ಮಾಡುತ್ತಾರೆ, ವಯಸ್ಸಾದವರಲ್ಲಿ ಕತ್ತರಿಸದೆ ಕಾದು ನೋಡುವುದೂ ಇದೆ.

ಕ್ಯಾನ್ಸರ್ ಗಡ್ಡೆಯಲ್ಲಿ ಇಷ್ಟೊಂದು ರಕ್ತನಾಳಗಳು ಎಲ್ಲಿಂದ ಬಂದವು? ಈ ಪ್ರಶ್ನೆಯ ಉತ್ತರ ನನ್ನ ಮಟ್ಟಿಗೆ ಇಡೀ ಕ್ಯಾನ್ಸರ್ ವಿಜ್ಞಾನದ ಸೊಗಸಾದ ಅಧ್ಯಾಯಗಳಲ್ಲೊಂದು. ನಮ್ಮ ಜೀವಕೋಶಗಳಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಸದಾ ತಯಾರಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಅದಕ್ಕೆ ಗುರುತು ಹಚ್ಚಿ ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಕಡಿಮೆಯಾದರೆ ಎಚ್‌ಐಎಫ್ ಉಳಿದುಕೊಂಡು, ಹೊಸ ರಕ್ತನಾಳ ಕಟ್ಟುವಂತೆ, ಕೆಂಪು ರಕ್ತಕಣ ಹೆಚ್ಚಿಸುವಂತೆ ಆಜ್ಞೆ ಹೊರಡಿಸುತ್ತದೆ. ಕಿಡ್ನಿ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆಯಲ್ಲಿ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಸುತ್ತ ಬೇಕಾದಷ್ಟು ಆಮ್ಲಜನಕವಿದ್ದರೂ ಆ ಕೋಶ ಉಸಿರುಕಟ್ಟಿದಂತೆ ವರ್ತಿಸಿ ರಕ್ತನಾಳ ಕಟ್ಟಿಸುತ್ತಲೇ ಹೋಗುತ್ತದೆ. ಆಮ್ಲಜನಕವನ್ನು ಗ್ರಹಿಸುವ ಈ ವ್ಯವಸ್ಥೆಯನ್ನು ಬಿಡಿಸಿಟ್ಟ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರ ನೊಬೆಲ್ ಸಂದಿತು. ಹರಡಿದ ಕಿಡ್ನಿ ಕ್ಯಾನ್ಸರಿಗೆ ಮಾಮೂಲಿ ಕೀಮೋಥೆರಪಿ ಅಷ್ಟಾಗಿ ನಾಟುವುದಿಲ್ಲ. ರಕ್ತನಾಳಗಳ ಬೆಳವಣಿಗೆ ತಡೆಯುವ ಮಾತ್ರೆಗಳು ಮತ್ತು ಇಮ್ಯುನೋಥೆರಪಿ ಈಗ ಆಸರೆಯಾಗಿವೆ. ಗಡ್ಡೆ ಕಿಡ್ನಿಯೊಳಗೇ ಇರುವಾಗ ಮುಖ್ಯ ಚಿಕಿತ್ಸೆ ಆಪರೇಷನ್ನೇ.

ಮೊದಲೇ ಯೋಜಿಸಿ ಕಿಡ್ನಿ ತೆಗೆದ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆಯಿತು. ಒಂದೇ ಕಿಡ್ನಿಯಲ್ಲಿ ಮನುಷ್ಯ ಬದುಕಬಲ್ಲನೇ ಎಂಬುದೇ ಆಗ ಖಚಿತವಿರಲಿಲ್ಲ. ಅಲ್ಲಿನ ಸರ್ಜನ್ ಗುಸ್ತಾವ್ ಸೈಮನ್ ಮೊದಲು ನಾಯಿಗಳಲ್ಲಿ ಪ್ರಯೋಗಿಸಿ ನೋಡಿ, ಆಮೇಲೆ ಮೂತ್ರನಾಳಕ್ಕೆ ಪೆಟ್ಟಾಗಿ ನರಳುತ್ತಿದ್ದ ಮಹಿಳೆಯೊಬ್ಬರ ಮೇಲೆ ಆಪರೇಷನ್ ಮಾಡಿದ. ಆಕೆ ಬದುಕಿದರು.

ಇಂದು ಗಡ್ಡೆ ಚಿಕ್ಕದಿದ್ದರೆ ಇಡೀ ಕಿಡ್ನಿ ತೆಗೆಯಬೇಕಿಲ್ಲ. ಗಡ್ಡೆಯನ್ನೂ ಅದರ ಸುತ್ತಲಿನ ತೆಳು ಅಂಚನ್ನೂ ತೆಗೆದರೆ ಸಾಕು. ಆದರೆ ಎರಡು ಕಿಡ್ನಿಗಳ ಮೂಲಕ ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಆದ್ದರಿಂದ ಸರ್ಜನ್ ಸಾಮಾನ್ಯವಾಗಿ ಮುಖ್ಯ ಅಪಧಮನಿಗೆ ಕ್ಲ್ಯಾಂಪ್ ಹಾಕುತ್ತಾರೆ. ಅಲ್ಲಿಂದ ಗಡಿಯಾರದ ಲೆಕ್ಕ ಶುರು. ರಕ್ತವಿಲ್ಲದೆ 25-30 ನಿಮಿಷ ಮೀರಿದರೆ ಉಳಿದ ಭಾಗಕ್ಕೂ ಹಾನಿಯಾಗಬಹುದು. ಅಷ್ಟರೊಳಗೆ ಗಡ್ಡೆ ಹೊರಗೆ ಬರಬೇಕು, ಒಳಗಿನ ಸಣ್ಣ ನಾಳಗಳಿಗೆ ಹೊಲಿಗೆ ಬೀಳಬೇಕು, ಕ್ಲ್ಯಾಂಪ್ ಬಿಚ್ಚಬೇಕು. ರಕ್ತ ಮರಳಿದೊಡನೆ ಬಿಳಿಚಿದ ಕಿಡ್ನಿ ಮತ್ತೆ ಕೆಂಪಗಾಗುತ್ತದೆ.

'ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ' ಎಂಬ ಮಾತು ನಮ್ಮಲ್ಲಿ ಇನ್ನೂ ಓಡಾಡುತ್ತಿದೆ. ಅದನ್ನು ನಂಬಿ ಆಪರೇಷನ್ ಮುಂದೂಡಿದವರಿಗೆ ಆಗುವ ನಷ್ಟ ನೆನೆದರೆ ಸಂಕಟವಾಗುತ್ತದೆ. ಕಿಡ್ನಿಯೊಳಗೇ ಇದ್ದಾಗ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ 5 ವರ್ಷ ದಾಟುತ್ತಾರೆ.

ಚೇತರಿಕೆಯ ದಿನಗಳು ಮಾತ್ರ ತಾಳ್ಮೆ ಬೇಡುತ್ತವೆ. ಬಹುತೇಕರನ್ನು ಮಾರನೆಯ ದಿನವೇ ಎಬ್ಬಿಸಿ ನಡೆಸುತ್ತಾರೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಕೆಲವು ವಾರ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವಂತಿಲ್ಲ. ರಕ್ತದಲ್ಲಿ, ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಮೊದಮೊದಲು ಏರಿ ಆಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಕಿಡ್ನಿಯಲ್ಲಿ ಹೊಸ ಶೋಧಕಗಳು ಹುಟ್ಟುವುದಿಲ್ಲ. ಉಳಿದವೇ ಹಿಗ್ಗಿ ಹೆಚ್ಚು ಕೆಲಸ ಹೊರುತ್ತವೆ. ಆದ್ದರಿಂದ ಬಿಪಿ, ಶುಗರ್ ಹತೋಟಿಯಲ್ಲಿರಬೇಕು, ಬೀಡಿ ಸಿಗರೇಟು ಬಿಡಬೇಕು. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಸ್ವಂತವಾಗಿ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸವೂ ನಿಲ್ಲಬೇಕು. ಪ್ರತಿ ತಪಾಸಣೆಯ ಸ್ಕ್ಯಾನ್ ಹತ್ತಿರವಾದಂತೆ ನಿದ್ದೆ ಕೆಡುವುದು ಗುಣವಾದವರಲ್ಲೂ ಸಾಮಾನ್ಯ. ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳಿ, ಅದಕ್ಕೂ ನೆರವಿದೆ.

ನೋವಿಲ್ಲದೆ ಒಂದೇ ಒಂದು ಸಲ ಮೂತ್ರದಲ್ಲಿ ರಕ್ತ ಕಂಡರೂ ಉಷ್ಣವೆಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಯಾವ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್ ಆದರೂ ಅದರ ರಿಪೋರ್ಟನ್ನು ಕೊನೆಯ ಸಾಲಿನವರೆಗೂ ವೈದ್ಯರಿಗೆ ತೋರಿಸಿ. ಗಡ್ಡೆ ಇದೆಯೆಂದಾದರೆ, ಕಿಡ್ನಿಯ ಉಳಿದ ಭಾಗವನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಸರ್ಜನ್ ಬಳಿ ತಪ್ಪದೆ ಕೇಳಿ.