ಒಂದು ಗೇಣು ಪಕ್ಕಕ್ಕೆ: ಲೇನ್ ಹಿಡಿಯುವ ಕಾರು ಮತ್ತು ಮೈಸೂರಿನ ರಸ್ತೆಗಳು

ಮದ್ದೂರು ದಾಟಿ ಮಂಡ್ಯದ ಕಡೆಗೆ ಬರುತ್ತಿರುವ ಕಾರೊಂದು ಎಡ ಲೇನಿನ ಕಂಟೇನರ್ ಲಾರಿಯನ್ನು ಹಿಂದೆ ಹಾಕುತ್ತಿದೆ ಎಂದುಕೊಳ್ಳೋಣ. ಪಳಗಿದ ಚಾಲಕ ಆ ಹೊತ್ತಿಗೆ ಯೋಚಿಸದೆಯೇ ಒಂದು ಕೆಲಸ ಮಾಡುತ್ತಾನೆ. ಲಾರಿಯ ಪಕ್ಕಕ್ಕೆ ಬರುವ ಮುನ್ನ ಕಾರನ್ನು ಒಂದು ಗೇಣು ಬಲಕ್ಕೆ ಸರಿಸುತ್ತಾನೆ, ದಾಟಿದ ಮೇಲೆ ಮತ್ತೆ ನಡುವಿಗೆ ತರುತ್ತಾನೆ. ಲೇನ್ ಬದಲಾಗುವುದಿಲ್ಲ, ಇಂಡಿಕೇಟರ್ ಬೇಕಾಗುವುದಿಲ್ಲ, ಪಕ್ಕದಲ್ಲಿ ಕೂತವರ ಗಮನಕ್ಕೂ ಬರುವುದಿಲ್ಲ. ಗೆರೆಗಳನ್ನು ನೋಡಿಕೊಂಡು ತಾನೇ ಸ್ಟೀರಿಂಗ್ ತಿರುಗಿಸುವ ಹೊಸ ಕಾಲದ ಕಾರಿನಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದರೆ ಸ್ಟೀರಿಂಗಿನಲ್ಲಿ ಇನ್ನೊಬ್ಬರ ಕೈ ಇರುವಂತೆ ಅನಿಸುತ್ತದೆ. ಚಾಲಕ ಬಲಕ್ಕೆ ಒತ್ತಿದರೆ ಅದು ನಡುವಿಗೆ ಎಳೆಯುತ್ತದೆ. ಕೆಲವು ಕಾರುಗಳಲ್ಲಿ ಅದು ಕೈಗೆ ಮಣಿದು ಹಿಂಬಾಲಿಸುತ್ತದೆ, ಕೆಲವಲ್ಲಿ ಪೂರ್ತಿ ಆಫ್ ಆಗಿಬಿಡುತ್ತದೆ.

ಒಂದು ಗೇಣಿನ ಈ ಎಳೆದಾಟ ಮೇಲ್ನೋಟಕ್ಕೆ ಕಾರು ಕೊಂಡವರ ಖಾಸಗಿ ಸಂಗತಿಯಂತೆ ಕಾಣಬಹುದು. ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ವಾಹನವನ್ನು ಯಾರು ನಡೆಸುತ್ತಿದ್ದಾರೆ, ಯಾರ ಮಾತು ಕೊನೆಯದು ಎಂಬ ಪ್ರಶ್ನೆ ಅದರಲ್ಲಿದೆ. ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆ ಅದು.

ದಶಪಥವೂ ಹೊಸ ಕಾರೂ ಒಟ್ಟಿಗೆ ಬಂದವು

ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿಲೋಮೀಟರ್ ಉದ್ದದ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನಡುವೆ ಆರು ಲೇನ್, ಎರಡೂ ಬದಿಗೆ ಎರಡೆರಡು ಲೇನಿನ ಸರ್ವಿಸ್ ರಸ್ತೆ, ಹಾಗಾಗಿ ಜನರ ಬಾಯಲ್ಲಿ ಅದು ದಶಪಥ. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸಿನಲ್ಲಿ ಹಾದು ಹೋಗುವ ಈ ರಸ್ತೆ ಮೂರು ಗಂಟೆಯ ಪ್ರಯಾಣವನ್ನು ಅರ್ಧಕ್ಕೆ ಇಳಿಸಿತು. ಮೊದಲ ತಿಂಗಳುಗಳಲ್ಲೇ ಅಪಘಾತ, ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ವೇಗದ ಮಿತಿಯನ್ನು ಕಾಯಲು ಕ್ಯಾಮೆರಾಗಳು ಬಂದವು. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ಕಿಲೋಮೀಟರ್ ಮೀರಿ ಓಡಿಸುವವರ ಮೇಲೆ ಎಫ್‌ಐಆರ್ ದಾಖಲಿಸುವ ನಿರ್ಧಾರವೂ ಆಯಿತು.

ಸರಿಸುಮಾರು ಇದೇ ಅವಧಿಯಲ್ಲಿ ಸ್ಟೀರಿಂಗಿಗೆ ನೆರವಾಗುವ ತಂತ್ರಾಂಶ ಭಾರತದ ಕಾರುಗಳಿಗೆ ಬಂತು. ‘ಅಡಾಸ್’ ಎಂಬ ಹೆಸರಿನಲ್ಲಿ 2020ರ ಹೊತ್ತಿಗೆ ದುಬಾರಿ ಎಸ್‌ಯುವಿಗಳಲ್ಲಿ ಕಾಣಿಸಿಕೊಂಡ ಈ ಸೌಲಭ್ಯ, ಮರುವರ್ಷದಿಂದ ಮಧ್ಯಮ ಬೆಲೆಯ ಕಾರುಗಳಿಗೂ ಇಳಿಯಿತು. ಅದಕ್ಕೆ ಬೇಕಾದ ರಸ್ತೆ ನಮ್ಮಲ್ಲಿ ಎಲ್ಲಿದೆ ಎಂದು ಕೇಳಿದವರಿಗೆ ಮೈಸೂರಿನವರು ತೋರಿಸಬಹುದಾದ ಉತ್ತರ ಈ ದಶಪಥ: ಬಿಳಿ ಗೆರೆ, ನಡುವೆ ವಿಭಜಕ, ಅಂಚಿಗೆ ತಡೆಬೇಲಿ, ಉದ್ದಕ್ಕೂ ಸಲೀಸಾದ ತಿರುವುಗಳು. ದೊಡ್ಡ ವಿಮಾನಗಳಿಗೆಲ್ಲ ಬೆಂಗಳೂರನ್ನೇ ನೆಚ್ಚಿಕೊಂಡಿರುವ ಊರು ಮೈಸೂರು. ಬೆಳಗಿನ ಜಾವದ ವಿಮಾನಕ್ಕಾಗಿ ನಡುರಾತ್ರಿ ಹೊರಡುವ ಕಾರುಗಳು ಈ ರಸ್ತೆಯಲ್ಲಿ ದಿನವೂ ಇರುತ್ತವೆ. ತೂಕಡಿಕೆಯಲ್ಲಿ ಗೆರೆ ದಾಟುವ ಕಾರನ್ನು ಮೆಲ್ಲಗೆ ಒಳಗೆ ತರುವ ಯಂತ್ರ ಅಂಥ ಹೊತ್ತಿನಲ್ಲಿ ಜೀವ ಉಳಿಸಬಲ್ಲದು. ಆ ಲಾಭವನ್ನು ಅಲ್ಲಗಳೆದು ಮುಂದೆ ಹೋಗುವಂತಿಲ್ಲ.

ಯಂತ್ರ ನೋಡುವುದು ಗೆರೆಯನ್ನು

ರಸ್ತೆಯ ನಡುವೆ ಗೆರೆ ಎಳೆಯುವ ಪದ್ಧತಿ ಹಳೆಯದು. ಅಮೆರಿಕದ ಮಿಷಿಗನ್ ಪ್ರಾಂತ್ಯದಲ್ಲಿ 1911ರಲ್ಲಿ ಎಳೆದ ಗೆರೆಯನ್ನು ಅದರ ಮೊದಲ ಉದಾಹರಣೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಆ ಗೆರೆ ಮನುಷ್ಯರ ಕಣ್ಣಿಗಾಗಿ ಇತ್ತು. 1988ರಲ್ಲಿ ಜಪಾನಿನ ಪುಟ್ಟ ಕಾರೊಂದಕ್ಕೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಬಂತು. ಸ್ಟೀರಿಂಗನ್ನು ಹಗುರ ಮಾಡಲು ಇಟ್ಟ ಆ ಮೋಟರಿಗೆ ಕಂಪ್ಯೂಟರ್ ಅಪ್ಪಣೆ ಕೊಡಬಹುದು ಎಂಬುದೇ ಮುಂದಿನ ಎಲ್ಲದಕ್ಕೂ ದಾರಿಯಾಯಿತು. 2001ರಲ್ಲಿ, ಮತ್ತೆ ಜಪಾನಿನಲ್ಲೇ, ಗೆರೆ ನೋಡಿ ಲೇನ್ ಕಾಯುವ ಕಾರು ಮಾರಾಟಕ್ಕೆ ಬಂತು.

ಇಂದಿನ ಏರ್ಪಾಡಿನ ಮೂಲತತ್ವವೂ ಅದೇ. ಮುಂದಿನ ಗಾಜಿನ ಹಿಂದೆ ಕೂತ ಕ್ಯಾಮೆರಾ ಎಡ ಬಲದ ಗೆರೆಗಳನ್ನು ಗುರುತಿಸುತ್ತದೆ, ಕಂಪ್ಯೂಟರ್ ಅವುಗಳ ನಡುಬಿಂದುವನ್ನು ಲೆಕ್ಕ ಹಾಕುತ್ತದೆ, ಮೋಟರು ಕಾರನ್ನು ಆ ಬಿಂದುವಿನತ್ತ ತಿರುಗಿಸುತ್ತದೆ. ಸ್ಟೀರಿಂಗ್ ದಂಡದಲ್ಲಿರುವ ಸಂವೇದಕ ಚಾಲಕನ ಕೈಯ ಬಲವನ್ನು ಅಳೆಯುತ್ತದೆ. ಇಂಡಿಕೇಟರ್ ಹಾಕಿದರೆ ಲೇನ್ ಬದಲಿಸುತ್ತಿದ್ದಾನೆಂದು ತಿಳಿದು ಯಂತ್ರ ದಾರಿ ಬಿಡುತ್ತದೆ. ಹಾಕದೆ ಸರಿದರೆ ತಪ್ಪಿ ಜಾರುತ್ತಿದ್ದಾನೆಂದು ಬಗೆದು ಹಿಂದಕ್ಕೆ ಎಳೆಯುತ್ತದೆ. ಒಂದು ಗೇಣಿನ ಸರಿದಾಟ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಲೇನ್ ಬದಲಾವಣೆಯೂ ಅಲ್ಲ, ಜಾರುವಿಕೆಯೂ ಅಲ್ಲ. ಬೇಕೆಂದೇ ಮಾಡಿದ ತಿದ್ದುಪಡಿ.

ಅಂತರರಾಷ್ಟ್ರೀಯ ಸ್ಟೀರಿಂಗ್ ನಿಯಮ ಇಲ್ಲಿ ಒಂದು ಗಟ್ಟಿಯಾದ ಮಿತಿ ಹಾಕಿದೆ. ಯಂತ್ರದ ಎಳೆತವನ್ನು ಮೀರಲು ಚಾಲಕ ಹಾಕಬೇಕಾದ ಬಲ 50 ನ್ಯೂಟನ್ ದಾಟಬಾರದು. ಐದು ಕಿಲೋ ಅಕ್ಕಿಚೀಲವನ್ನು ಎತ್ತಿ ಹಿಡಿಯುವಷ್ಟು ಬಲ ಅದು. ಯಾರು ಬೇಕಾದರೂ ಹಾಕಬಹುದಾದ ಬಲವೇ, ಸಂದೇಹವಿಲ್ಲ. ಆದರೆ ಅಷ್ಟು ಬಲ ಹಾಕಿ ಎಳೆಯುತ್ತಿರುವಾಗ ಯಂತ್ರ ಒಮ್ಮೆಲೇ ಕೈಬಿಟ್ಟರೆ ಕಾರು ಬಯಸಿದ್ದಕ್ಕಿಂತ ಹೆಚ್ಚು ವಾಲುತ್ತದೆ. ಇನ್ನು ಕೈ ಸ್ಟೀರಿಂಗ್ ಮೇಲಿದೆಯೇ ಎಂದು ತಿಳಿಯಲು ಹಲವು ಕಾರುಗಳು ನೆಚ್ಚುವುದು ಇದೇ ಬಲವನ್ನು. ಸುಮ್ಮನೆ ಹಿಡಿದು ಕೂತ ಶಿಸ್ತಿನ ಚಾಲಕನಿಗೆ ‘ಕೈ ಇಡಿ’ ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ನಿಲ್ಲಿಸಲು ಅವನು ಆಗಾಗ ಸ್ಟೀರಿಂಗನ್ನು ಅಲುಗಿಸುವುದನ್ನು ಕಲಿಯುತ್ತಾನೆ. ಬಹುಕಾಲ ಪಾಲನೆಯಲ್ಲಿದ್ದ ನಿಯಮದ ಪ್ರಕಾರ ಕೈ ತೆಗೆದ 15 ಸೆಕೆಂಡಿನೊಳಗೆ ಮೊದಲ ಎಚ್ಚರಿಕೆ ಬರಬೇಕಿತ್ತು. 100 ಕಿಲೋಮೀಟರ್ ವೇಗದಲ್ಲಿ 15 ಸೆಕೆಂಡು ಎಂದರೆ 400 ಮೀಟರಿಗೂ ಮಿಕ್ಕ ದೂರ.

ನಡುಬಿಂದು ಎಲ್ಲಿದೆ?

ಹೆದ್ದಾರಿಯ ಲೇನು ಸಾಮಾನ್ಯವಾಗಿ ಮೂರೂವರೆ ಮೀಟರ್ ಅಗಲ. ಕಾರಿನ ಅಗಲ ಸುಮಾರು 1.8 ಮೀಟರ್ ಎಂದಿಟ್ಟುಕೊಂಡರೆ ಎಡಬಲದಲ್ಲಿ 85 ಸೆಂಟಿಮೀಟರಿನಂತೆ ಜಾಗ ಉಳಿಯುತ್ತದೆ. 2.6 ಮೀಟರ್ ಅಗಲದ ಲಾರಿಗೆ ಪ್ರತಿ ಬದಿಗೆ ಉಳಿಯುವುದು 45 ಸೆಂಟಿಮೀಟರ್. ಇಬ್ಬರೂ ತಮ್ಮ ತಮ್ಮ ನಡುವಿನಲ್ಲೇ ಇದ್ದರೆ ನಡುವಿನ ಅಂತರ 130 ಸೆಂಟಿಮೀಟರ್. ಕನ್ನಡಿಗಳನ್ನೂ ಲಾರಿಯ ತೊನೆದಾಟವನ್ನೂ ಪಕ್ಕದಿಂದ ಬಡಿಯುವ ಗಾಳಿಯನ್ನೂ ಕಳೆದರೆ ಅದು ಇನ್ನೂ ಕಿರಿದು. ಹುಲ್ಲು ತುಂಬಿದ ಲಾರಿಯಾಗಿದ್ದರೆ ಹೊರೆಯೇ ಪಕ್ಕದ ಲೇನಿನ ಮೇಲೆ ಬಾಗಿರುತ್ತದೆ. ಪಳಗಿದ ಚಾಲಕನ ಗೇಣು ಈ ಲೆಕ್ಕದಿಂದ ಬಂದದ್ದು. ಅವನಿಗೆ ಲೇನಿನ ನಡುವೆಂದರೆ ಎರಡು ಗೆರೆಗಳ ನಡುವಲ್ಲ, ಎರಡು ಅಪಾಯಗಳ ನಡುವು. ಪಕ್ಕದ ದೊಡ್ಡ ವಾಹನವನ್ನು ಕಂಡು ತಾನಾಗಿಯೇ ತುಸು ಸರಿಯುವ ಕಾರುಗಳು ಈಗ ಬಂದಿವೆ. ನಮ್ಮ ರಸ್ತೆಯ ಬಹುಪಾಲು ಕಾರುಗಳಿಗೆ ಆ ತಿಳಿವಳಿಕೆ ಇನ್ನೂ ಬಂದಿಲ್ಲ.

ದಶಪಥ ಬಿಟ್ಟು ಮೈಸೂರಿನಿಂದ ಬೇರೆ ದಿಕ್ಕಿಗೆ ಹೊರಟರೆ ವ್ಯತ್ಯಾಸ ಇನ್ನೂ ನಿಚ್ಚಳವಾಗುತ್ತದೆ. ನಂಜನಗೂಡಿನ ರಸ್ತೆಯಲ್ಲಿ ಹುಣ್ಣಿಮೆಯ ದಿನ ಶ್ರೀಕಂಠೇಶ್ವರನ ದರ್ಶನಕ್ಕೆ ಹೊರಟವರಿರುತ್ತಾರೆ. ಅಂಚಿನಲ್ಲಿ ಕಾಲ್ನಡಿಗೆಯ ಗುಂಪು ಕಂಡರೆ ಅಷ್ಟು ದೂರದಿಂದಲೇ ಬಲಕ್ಕೆ ಸರಿಯುವುದು ಇಲ್ಲಿಯ ಚಾಲಕರ ರೂಢಿ. ಅಂಚಿನ ಗೆರೆಯಾಚೆ ನಡೆಯುವ ಮನುಷ್ಯ ಗೆರೆಯ ಲೆಕ್ಕಕ್ಕೆ ಸಿಗುವುದಿಲ್ಲ. ಹುಣಸೂರಿನ ಕಡೆಗೋ ಎಚ್‌.ಡಿ. ಕೋಟೆಯ ಕಡೆಗೋ ಹೋದರೆ ಎಷ್ಟೋ ಕಡೆ ವಿಭಜಕವೇ ಇಲ್ಲ. ಎದುರಿನಿಂದ ಬಸ್ಸು ಬಂದಾಗ ಎಡ ಚಕ್ರವನ್ನು ಟಾರಿನ ಅಂಚಿಗೆ ತರಬೇಕು, ಎತ್ತಿನ ಗಾಡಿ ಸಿಕ್ಕಾಗ ಗೆರೆ ದಾಟಬೇಕು. ಸಾಲುಮರಗಳ ನೆರಳು ಬಿಸಿಲು ಬೆರೆತ ರಸ್ತೆಯಲ್ಲಿ ಮಾಸಿದ ಬಿಳಿ ಬಣ್ಣ ಮನುಷ್ಯನ ಕಣ್ಣಿಗೇ ಕಾಣುವುದು ಕಷ್ಟ.

ಸುಗ್ಗಿಯ ಕಾಲದ ದೃಶ್ಯವಂತೂ ಈ ಸೀಮೆಯ ಎಲ್ಲರಿಗೂ ಗೊತ್ತು. ರಾಗಿ, ಹುರುಳಿಯ ಫಸಲನ್ನು ಟಾರು ರಸ್ತೆಯ ಮೇಲೆ ಹರವಿ ವಾಹನಗಳ ಚಕ್ರದಡಿಯಲ್ಲೇ ಒಕ್ಕಣೆ ಮಾಡುವುದು ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ವರ್ಷವೂ ನಡೆಯುತ್ತದೆ. ಕಣಗಳು ಕಡಿಮೆಯಾದವು, ಕೂಲಿಯಾಳು ಸಿಗುವುದು ಕಷ್ಟವಾಯಿತು, ರಸ್ತೆ ಕಣವಾಯಿತು. ಇದು ಅಪಾಯಕಾರಿ, ಬೈಕುಗಳು ಜಾರಿ ಬಿದ್ದಿವೆ, ಆಡಳಿತ ಮತ್ತೆ ಮತ್ತೆ ಎಚ್ಚರಿಸಿದೆ. ರೈತನ ಇಕ್ಕಟ್ಟೂ ಸುಳ್ಳಲ್ಲ. ನಮ್ಮ ವಿಷಯಕ್ಕೆ ಬೇಕಾದ ಮಾತೆಂದರೆ, ಹುರುಳಿಯ ಸೊಪ್ಪು ಮುಚ್ಚಿದ ಅರ್ಧ ರಸ್ತೆಯಲ್ಲಿ ಗೆರೆಯೇ ಇಲ್ಲ. ಇಂಥಲ್ಲಿ ಯಂತ್ರ ತಾನು ಕುರುಡಾದೆ ಎಂದು ಕೂಡಲೇ ಹೇಳಿದರೆ ಕ್ಷೇಮ. ಒಂದೇ ಬದಿಯ ಗೆರೆ ನಂಬಿ ಮುಂದುವರಿದರೆ ಕ್ಷೇಮವಲ್ಲ.

ಗೆರೆಯ ಮೇಲಿನ ಅತಿ ನಂಬಿಕೆಯ ಬೆಲೆ ಏನೆಂಬುದನ್ನು ಒಳ್ಳೆಯ ರಸ್ತೆಗಳ ದೇಶವೇ ತೋರಿಸಿದೆ. 2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಬಳಿ, ಹೆದ್ದಾರಿ ಎರಡಾಗಿ ಕವಲೊಡೆಯುವ ಕಡೆ, ನೆರವಿನ ಸ್ಟೀರಿಂಗಿನಲ್ಲಿ ಓಡುತ್ತಿದ್ದ ಕಾರು ಲೇನ್ ಬಿಟ್ಟು ಕವಲಿನ ನಡುವಿನ ಖಾಲಿ ಜಾಗಕ್ಕೆ ನುಗ್ಗಿ ತಡೆಗೋಡೆಗೆ ಬಡಿಯಿತು. ಚಾಲಕ ಸತ್ತ. ಡಿಕ್ಕಿಗೆ ಮುಂಚಿನ ಆರು ಸೆಕೆಂಡುಗಳಲ್ಲಿ ಸ್ಟೀರಿಂಗ್ ಮೇಲೆ ಕೈ ಇದ್ದ ಸುಳಿವು ಸಿಗಲಿಲ್ಲ. ತನಿಖೆ ಯಂತ್ರದ ಮಿತಿಯನ್ನೂ ಚಾಲಕನ ಅನ್ಯಮನಸ್ಕತೆಯನ್ನೂ ಒಟ್ಟಿಗೆ ಹೊಣೆ ಮಾಡಿತು. ಅದೇ ಜಾಗದಲ್ಲಿ ಕಾರು ಪಕ್ಕಕ್ಕೆ ಎಳೆಯುತ್ತದೆಂದು ಆತ ಮೊದಲೇ ಮನೆಯವರ ಬಳಿ ಹೇಳಿಕೊಂಡಿದ್ದ ಸಂಗತಿ ಆಮೇಲೆ ಹೊರಬಂತು. ಅಲ್ಲಿ ಬೇಕಿದ್ದದ್ದು ಕೈಯ ಒಂದು ಸಣ್ಣ ತಿದ್ದುಪಡಿ.

ಎರಡು ಬದಿಯ ವಾದ

ನೆರವಿನ ಸ್ಟೀರಿಂಗನ್ನು ಸಮರ್ಥಿಸುವವರ ಮಾತಿನಲ್ಲಿ ಸತ್ವವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅತಿವೇಗಕ್ಕೆ ಸೇರಿಸಿದ ಸಾವುಗಳೇ ಶೇ 70ಕ್ಕೂ ಹೆಚ್ಚು. ಮನುಷ್ಯರ ತಪ್ಪು ಇಷ್ಟಿರುವಾಗ ಯಂತ್ರದ ಕಾವಲನ್ನು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ ಎಂಬುದು ಅವರ ವಾದ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಲ್ಲಿ ತುರ್ತು ಲೇನ್ ರಕ್ಷಣೆ ಕಡ್ಡಾಯವಾಗಿದೆ. ಭಾರತದಲ್ಲೂ ಬಸ್ಸು, ಲಾರಿಗಳಿಗೆ ತುರ್ತು ಬ್ರೇಕು, ತೂಕಡಿಕೆಯ ಎಚ್ಚರಿಕೆ, ಲೇನ್ ತಪ್ಪಿದರೆ ಎಚ್ಚರಿಕೆ ಕಡ್ಡಾಯ ಮಾಡುವ ಕರಡು 2025ರ ಮಾರ್ಚಿನಲ್ಲಿ ಪ್ರಕಟವಾಯಿತು. ಇನ್ನೊಂದು ವಾದ ಹೆಚ್ಚು ಸೂಕ್ಷ್ಮ: ಪ್ರತಿಯೊಬ್ಬರೂ ತಮ್ಮಿಷ್ಟದಂತೆ ಗೇಣು ಗೇಣು ಸರಿಯುವುದೇ ನಮ್ಮ ಲೇನ್ ಶಿಸ್ತು ಕೆಡಲು ಕಾರಣ, ಯಂತ್ರ ಆ ಚಟವನ್ನು ತಿದ್ದಲಿ. ಬಲ ಲೇನನ್ನೇ ಮನೆ ಮಾಡಿಕೊಂಡ ಲಾರಿಗಳನ್ನೂ, ಎಡದಿಂದ ನುಗ್ಗುವ ಕಾರುಗಳನ್ನೂ ದಿನವೂ ಕಾಣುವವರಿಗೆ ಈ ಮಾತು ಹಿಡಿಸುವುದು ಸಹಜ.

ಎದುರು ಬದಿಯಲ್ಲಿ ಹಳೆಯದೊಂದು ಎಚ್ಚರಿಕೆಯಿದೆ. ಬ್ರಿಟನ್ನಿನ ಮನೋವಿಜ್ಞಾನಿಯೊಬ್ಬರು 1983ರಲ್ಲಿ ಕಾರ್ಖಾನೆಗಳ ಬಗ್ಗೆ ಬರೆಯುತ್ತಾ, ಸುಲಭದ ಕೆಲಸವನ್ನೆಲ್ಲ ಯಂತ್ರ ವಹಿಸಿಕೊಂಡಷ್ಟೂ ಮನುಷ್ಯನಿಗೆ ಉಳಿಯುವುದು ಅತಿ ಕಠಿಣವಾದ ಗಳಿಗೆಗಳು ಮಾತ್ರ, ಅಷ್ಟರಲ್ಲಿ ಅವನ ಅಭ್ಯಾಸವೂ ತಪ್ಪಿರುತ್ತದೆ ಎಂದು ತೋರಿಸಿದ್ದರು. ಎರಡು ಗಂಟೆ ಕೈ ಸಡಿಲ ಬಿಟ್ಟವನಿಂದ ಅರೆಗಳಿಗೆಯ ತಿದ್ದುಪಡಿಯನ್ನು ನಿರೀಕ್ಷಿಸುವುದು ಈ ಕಾರಣಕ್ಕೇ ಕಷ್ಟ. ಓಡುವ ಕಾರಿನಲ್ಲಿ ಸ್ಟೀರಿಂಗ್ ಬಿಟ್ಟು, ಸೀಟನ್ನೇ ಬಿಟ್ಟು ವಿಡಿಯೊ ಮಾಡಿದವರನ್ನು ನಮ್ಮ ದೇಶವೂ ಕಂಡಿದೆ. ಸ್ವಯಂಚಾಲನೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಶ್ರೇಣಿಯ ಪ್ರಕಾರ ಇಲ್ಲಿ ಮಾರಾಟವಾಗುವ ಇಂಥ ಕಾರುಗಳು ಹೆಚ್ಚೆಂದರೆ ಎರಡನೇ ಹಂತದವು. ಆ ಹಂತದಲ್ಲಿ ಕಣ್ಣೂ ಹೊಣೆಯೂ ಚಾಲಕನದೇ.

ಕಲಿಸುವವರು ಯಾರು?

ಕೊನೆಯ ಮಾತು ಕೈಯದೇ ಆಗಿರಬೇಕು ಎಂಬಲ್ಲಿ ಎರಡೂ ಬದಿಗಳು ಕೂಡುತ್ತವೆ. ಈ ಲೇಖನದ ನಿಲುವೂ ಅದೇ. ಚಾಲಕ ಒಂದು ಗೇಣು ಸರಿಸಿದರೆ ಯಂತ್ರ ಜಗ್ಗದೆ, ಆಫ್ ಆಗದೆ, ಜೊತೆಯಲ್ಲೇ ಸರಿದು, ಕೈ ಸಡಿಲವಾದಾಗ ಮೆಲ್ಲಗೆ ನಡುವಿಗೆ ಮರಳಬೇಕು. ಹಾಗೆ ನಡೆದುಕೊಳ್ಳುವ ಕಾರುಗಳಿವೆ, ಆದ್ದರಿಂದ ಇದು ಅಸಾಧ್ಯದ ಬೇಡಿಕೆಯಲ್ಲ. ಅಪಘಾತವಾದಾಗ ಕಾನೂನು ಹಿಡಿಯುವುದು ಚಾಲಕನನ್ನು. ಹೊಣೆ ಅವನದಾದ ಮೇಲೆ ಅಧಿಕಾರ ಯಂತ್ರದ್ದಾಗುವುದು ನ್ಯಾಯವಲ್ಲ. ಲೇನ್ ಶಿಸ್ತನ್ನು ಕಾಯಲು ಗಸ್ತು, ಕ್ಯಾಮೆರಾ, ದಂಡಗಳಿವೆ, ಅವು ಇನ್ನೂ ಬಿಗಿಯಾಗಲಿ. ಅಪಾಯದಿಂದ ಸರಿಯುವ ಕೈಯನ್ನು ತಡೆದು ಆ ಶಿಸ್ತನ್ನು ಕಲಿಸಲಾಗದು.

ಕೊರತೆ ಹೆಚ್ಚಾಗಿರುವುದು ಕಲಿಕೆಯಲ್ಲಿ. ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಇಂದಿಗೂ ಎಂಟು ಹಾಕಿಸುವುದು, ಹಿಮ್ಮುಖ ಓಡಿಸುವುದು ಇದೆ, ನೆರವಿನ ಸ್ಟೀರಿಂಗಿನ ಮಾತಿಲ್ಲ. ಕಾರು ಕೊಡುವ ದಿನ ಮಳಿಗೆಯಲ್ಲಿ ಹಾರ ಹಾಕಿ ಫೋಟೊ ತೆಗೆಯುವಷ್ಟು ಹೊತ್ತು ನೆರವಿನ ಸ್ಟೀರಿಂಗಿನ ಗುಂಡಿಯನ್ನು ವಿವರಿಸುವುದಕ್ಕೆ ಸಿಗುವುದಿಲ್ಲ. ಕೈಪಿಡಿಯಲ್ಲಿ ಎಚ್ಚರಿಕೆಗಳಿವೆ, ಬಹುಪಾಲು ಇಂಗ್ಲಿಷಿನಲ್ಲಿ. ಇನ್ನೊಬ್ಬರ ಕಾರನ್ನು ಸಂಬಳಕ್ಕೆ ಓಡಿಸುವ ಚಾಲಕನ ಕೈಗೆ ಅದು ಬರುವುದೇ ಅಪರೂಪ. ಮೈಸೂರಿನಂಥ ಊರಿನಲ್ಲಿ ದೂರದ ಪ್ರಯಾಣಕ್ಕೆ ಸ್ಟೀರಿಂಗ್ ಹಿಡಿಯುವವರಲ್ಲಿ ಇಂಥವರೇ ಬಹಳ. ಯಾವ ಬಲಕ್ಕೆ ಯಂತ್ರ ಮಣಿಯುತ್ತದೆ, ಯಾವಾಗ ಆಫ್ ಆಗುತ್ತದೆ, ಆಫ್ ಆದದ್ದು ಎಲ್ಲಿ ಕಾಣುತ್ತದೆ ಎಂಬ ಮೂರು ಸಂಗತಿಗಳನ್ನು ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಕೂತು ಕನ್ನಡದಲ್ಲಿ ತೋರಿಸಿಕೊಟ್ಟರೆ ಆಗುವ ಉಪಕಾರ ದೊಡ್ಡದು.

ಗಣಂಗೂರಿನ ಟೋಲ್ ದಾಟಿ, ಕಾವೇರಿಯನ್ನು ಹಾದು, ಕಳಸ್ತವಾಡಿಯ ಬಳಿ ಬರುವಾಗ ದಶಪಥದ ಗೆರೆಗಳು ಮುಗಿಯುತ್ತಾ ಬರುತ್ತವೆ. ಸಿದ್ದಲಿಂಗಪುರದಲ್ಲಿ ಊರು ಎದುರಾಗುತ್ತದೆ: ಎಡದಿಂದ ಬೈಕು, ಬಲದಿಂದ ಆಟೋ, ಮುಂದೆ ನಿಂತ ಸಿಟಿ ಬಸ್ಸು. ಅಷ್ಟು ಹೊತ್ತಿಗೆ ಮೀಟರು ಫಲಕದ ಪುಟ್ಟ ಸ್ಟೀರಿಂಗ್ ಚಿಹ್ನೆಯ ಹಸಿರು ಆರಿರುತ್ತದೆ, ಎಷ್ಟೋ ಸಲ ಸದ್ದೇ ಇಲ್ಲದೆ.