ನಮ್ಮ ಹುಡುಗ ಅಂಥವನಲ್ಲ ಸಾರ್

ಗಾಂಜಾ ಕೇಸಿನಲ್ಲಿ ಮಗ ಸಿಕ್ಕಿಬಿದ್ದಾಗ ಅಪ್ಪ ಅಮ್ಮ ಠಾಣೆಯಲ್ಲೂ ವಕೀಲರ ಮುಂದೆಯೂ ಆಡುವ ಮೊದಲ ಮಾತು ಇದು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಹುಡುಗ ನಿಜಕ್ಕೂ ಚಟಕ್ಕೆ ಬಿದ್ದಿದ್ದರೆ, ಕಾನೂನು ಅವನಿಗೆ ಇಟ್ಟಿರುವ ದಾರಿಗೆ ಅಡ್ಡ ನಿಲ್ಲುವುದೂ ಇದೇ ಮಾತು.

ಡ್ರಗ್ಸ್ ಕೇಸೆಂದರೆ ಜೈಲೇ ಗತಿ ಎಂದು ಬಹಳ ಜನ ನಂಬಿದ್ದಾರೆ. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವೇ. ಆದರೂ ಅದರ 64ಎ ಕಲಂ ಹೇಳುವುದು ಬೇರೆ: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಆ ಅಪರಾಧಕ್ಕೆ ಮೊಕದ್ದಮೆ ಇಲ್ಲ. ಗಾಂಜಾ ಆದರೆ 1 ಕಿಲೋವರೆಗೂ ಅಲ್ಪವೇ. ಹೆರಾಯಿನ್ 5 ಗ್ರಾಂ. ಎಂಡಿಎಂಎ ಅರ್ಧ ಗ್ರಾಂ, ಅಂದರೆ ಒಂದು ಚಿಟಿಕೆ ಉಪ್ಪಿನಷ್ಟು. ವ್ಯಸನಿಯಲ್ಲದೆ ಬರೀ ಮಾರುವವರಿಗೆ ಈ ರಿಯಾಯಿತಿ ಇಲ್ಲ.

ಹಾಗಿದ್ದರೆ ಇದು ತಪ್ಪಿಸಿಕೊಳ್ಳುವ ಉಪಾಯವಲ್ಲವೇ? ಅಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ತಪ್ಪು ಸಾಬೀತಾದ ಮೇಲೂ 39ನೇ ಕಲಂನಡಿ ನ್ಯಾಯಾಲಯ ವಯಸ್ಸು, ನಡತೆ, ಆರೋಗ್ಯ ನೋಡಿ, ವ್ಯಸನಿ ಒಪ್ಪಿದರೆ ಚಿಕಿತ್ಸೆಗೆ ಕಳಿಸಬಹುದು. ಅದಕ್ಕೆ ಮುಚ್ಚಳಿಕೆ ಬರೆದುಕೊಡಬೇಕು, ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು. ಆಮೇಲೂ ಮೂರು ವರ್ಷದವರೆಗೆ ಮುಚ್ಚಳಿಕೆಯ ಹಂಗು ಇರಬಹುದು. ಆರು ತಿಂಗಳ ಸಜೆಯೇ ಸಲೀಸು ಎನಿಸಿದರೂ ಆಶ್ಚರ್ಯವಿಲ್ಲ.

"ಒಳಗೆ ನಾಲ್ಕು ತಿಂಗಳು ಇದ್ದು ಬರಲಿ, ತಾನೇ ಬಿಡ್ತಾನೆ" ಎನ್ನುವವರೂ ಇದ್ದಾರೆ. ಹೆರಾಯಿನ್ ವಿಷಯದಲ್ಲಿ ಇದರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಸಿಗದೆ ಇದ್ದಷ್ಟು ದಿನ ದೇಹದ ತಾಳಿಕೆ ಇಳಿದಿರುತ್ತದೆ, ಆಸೆ ಇಳಿದಿರುವುದಿಲ್ಲ. ಹೊರಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲಿ ಇಂಥ ಸಾವು ಹೆಚ್ಚು. ವಾಪಸ್ ಚಟಕ್ಕೆ ಜಾರುವುದೂ ಈ ಕಾಯಿಲೆಯ ಭಾಗವೇ. ವೈದ್ಯರಿಗೆ ಅದು ಗೊತ್ತು, ನೆಂಟರಿಗೆ ಹೇಳುವುದು ಕಷ್ಟ.

ಹದಿನೆಂಟು ತುಂಬದವರನ್ನಂತೂ ಬಾಲ ನ್ಯಾಯ ಮಂಡಳಿಯೇ ವ್ಯಸನಮುಕ್ತಿ ಚಿಕಿತ್ಸೆಗೆ ಕಳಿಸಬಹುದು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ.

ದೊಡ್ಡವರ ಕೇಸಿನಲ್ಲಿ ತೊಡಕು "ವ್ಯಸನಿ" ಎಂಬ ಪದದ್ದು. ಕುತೂಹಲಕ್ಕೆ ಒಮ್ಮೆ ಸೇದಿದವನಿಗೆ 64ಎ, 39 ಎರಡೂ ಕಲಂ ಅನ್ವಯಿಸುವುದಿಲ್ಲ. ಚಟವಿದೆ ಎಂದು ತೋರಿಸಲು ವಕೀಲರು ಮೊದಲು ಕೇಳುವುದು ಆಸ್ಪತ್ರೆಯ ಹಳೇ ಒಪಿಡಿ ಚೀಟಿಯನ್ನು, ಅದರ ಮೇಲಿನ ತಾರೀಖನ್ನು. ಎಷ್ಟೋ ಮನೆಗಳಲ್ಲಿ ಆ ಚೀಟಿಯನ್ನು ಮುಂದೆ ಹುಡುಗನ ಮದುವೆಗೆ ಅಡ್ಡಿಯಾದೀತೆಂದು ಹರಿದು ಒಲೆಗೆ ಹಾಕಿರುತ್ತಾರೆ.